ಕೊನೆಯ ಅಂಕಿ

ನಮ್ಮ ಜಿಲ್ಲೆಗೆ ರೈಲಿಲ್ಲ.
ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನೆದುರು, ಮಹಡಿಯಲ್ಲಿ,
ನನ್ನ ವಾಚ್ ರಿಪೇರಿ ಮೇಜಿನ ಮೇಲೆ ಮಾತ್ರ
ಹನ್ನೊಂದು ಗೂಡ್ಸ್ ವ್ಯಾಗನ್ನು ನಿಂತಿವೆ.
ಎಂಜಿನ್ ಎಲ್ಲಿ, ಎನ್ನುತ್ತಾರೆ ಬಂದವರು.
ಎಂಜಿನ್ ಮಾಡುವವರು ಬೇರೆ ಇದ್ದಾರೆ,
ನೀವು ಸೆಲ್ಲು ಹಾಕಿಸಿಕೊಂಡು ಹೊರಡಿ, ಎನ್ನುತ್ತೇನೆ.

ವ್ಯಾಗನ್ನಿಗೆ ಯಾರೂ ಕೈ ಬೀಸುವುದಿಲ್ಲ.
ಗೇಟಿನಲ್ಲಿ ನಿಂತವರು ಎಣಿಸುತ್ತಾರೆ, ಅಷ್ಟೆ.
ನಲವತ್ತರ ಹತ್ತಿರ ಲೆಕ್ಕ ತಪ್ಪಿ
ಬೈದುಕೊಳ್ಳುತ್ತಾರೆ.

ಮೊದಲನೆಯದು ಶೂ ಪೆಟ್ಟಿಗೆಯ ರಟ್ಟಿನದು.
ಜೂನ್‌ನಲ್ಲಿ ಸೊಟ್ಟಗಾಯಿತು,
ಜುಲೈಯಲ್ಲಿ ಚಾವಣಿಯ ಮೇಲೆ ಬೂಷ್ಟು ಬಂತು.
ಆಮೇಲೆ ಪೌಡರ್ ಡಬ್ಬಿಯ ತಗಡು.
ಆಮೇಲೆ ಸಿಲ್ವರ್ ಓಕಿನ ಚೂರು:
ಅರದಲ್ಲಿ ಉಜ್ಜಿ, ಮರಳುಕಾಗದದಲ್ಲಿ ಉಜ್ಜಿ,
ಉಗುರಿನಷ್ಟು ತೆಳ್ಳಗಾದಾಗ
ಸೀನು ಬಂದು ಹಾರಿಹೋಯಿತು.
ಮತ್ತೊಂದು ಚೂರು.

ಹಗುರ ವ್ಯಾಗನ್ನು ತಿರುವಿನಲ್ಲಿ ಹಳಿ ಬಿಡುತ್ತದೆ.
ಅದರ ಹೊಟ್ಟೆಗೂ ಏನಾದರೂ ಬೇಕು.
ಉತ್ತಯ್ಯ ತೇವ ಹಿಡಿದ ಹಳೇ ತೋಟೆಗಳನ್ನು ತಂದುಕೊಟ್ಟ.
ಬಿಚ್ಚಿ, ಮದ್ದನ್ನು ಬಕೆಟ್ಟಿನ ನೀರಿಗೆ ಸುರಿದು,
ಸೀಸದ ಚರೆಯನ್ನು ಎಣಿಸಿ ಒಳಗೆ ಅಂಟಿಸಿದೆ.
ಹಂದಿಗೆ ಬೀಳಬೇಕಿದ್ದದ್ದು
ಗಾಡಿಯನ್ನು ಹಿಡಿದು ನಿಲ್ಲಿಸಿತು.
ಕೈಲ್‌ಪೊಳ್ದ್ ದಿನ ಅವನು ಕೋವಿಗೆ ತೋಕ್‌ಪೂ ಸಿಕ್ಕಿಸಿದ.
ನಾನು ಚಿಮಟಕ್ಕೆ ಒಂದು, ಅರಕ್ಕೆ ಒಂದು.
ನಕ್ಕ. ನಗಲಿ.

ತುಕ್ಕು ಬೇಕೆಂದರೆ ಬಣ್ಣದಂಗಡಿಗೆ ಹೋಗಬೇಕಿಲ್ಲ.
ಸೋಸಿ ಉಳಿದ ಕಾಫಿ ಗಸಿ, ಒಂದು ಹನಿ ಗೋಂದು,
ಬೆರಳ ತುದಿಯಿಂದ ಬೋಲ್ಟಿನ ಸುತ್ತ.
ಹೆಚ್ಚಾದರೆ ಗೊಬ್ಬರದ ಗಾಡಿಯಂತೆ ಕಾಣುತ್ತದೆ;
ಎರಡು ಸಲ ಹಾಗಾಗಿದೆ.
ಬಣ್ಣ ಆರಲು ಕೋಳಿಮರಿಗೆ ಕಾವು ಕೊಡುವ ಬಲ್ಬು.

ಹನ್ನೆರಡನೆಯದು ಅಪ್ಪನದು.
ಅಪ್ಪ ಕಿತ್ತಳೆ ಗೋದಾಮಿನ ಗುಮಾಸ್ತ.
ಲಾರಿ ಹತ್ತಿ ಮೈಸೂರಿನ ಗೂಡ್ಸ್ ಶೆಡ್ಡಿಗೆ ಹೋಗಿ,
ಹುಲ್ಲಿನ ನಡುವೆ ಹಣ್ಣು ಪೇರಿಸಿ,
ಬಾಗಿಲಿಗೆ ಸೀಲು ಬಿದ್ದ ಮೇಲೆ
ವ್ಯಾಗನ್ ನಂಬರು ಬರೆದುಕೊಂಡು ಬರುತ್ತಿದ್ದರು.
ಒಮ್ಮೆ ನನ್ನನ್ನೂ ಕರೆದೊಯ್ದರು. ಏಳು ವರ್ಷ ನನಗೆ.
ಹುಲ್ಲು ತುಳಿಯಲು ಒಳಗೆ ಎತ್ತಿ ಬಿಟ್ಟರು.
ರೈಲೆಂದರೆ ಇದೇ ಎಂದುಕೊಂಡೆ:
ಕಿಟಕಿಯಿಲ್ಲದ
ಕಿತ್ತಳೆಯ ಕತ್ತಲೆ.

ಆಮೇಲೆ ಗಿಡಗಳಿಗೆ ರೋಗ ಬಂತು.
ಗೋದಾಮಿನಲ್ಲಿ ಈಗ ಟೈರ್ ಅಂಗಡಿ.

ಆ ದಿನದ ಸಾಲಿನಲ್ಲಿ ಐದಂಕಿ, ನಾಲ್ಕು ಸ್ಪಷ್ಟ.
ಕೊನೆಯದರ ಮೇಲೆ ರಸವೋ ಬೆವರೋ ಹರಡಿ
ಮೂರೋ, ಎಂಟೋ.
ವಾಚಿನ ಕಣ್ಣುಗಾಜು ಹಾಕಿ ನೋಡಿದೆ,
ಕಾಗದ ಎತ್ತಿ ಬೆಳಕಿಗೆ ಹಿಡಿದೆ.
ಶಾಯಿ ತನ್ನ ಪಾಡಿಗೆ ತಾನಿತ್ತು.

ಕೈ ಬೇರೆ ನಡುಗುತ್ತದೆ,
ಹೇರ್‌ಸ್ಪ್ರಿಂಗ್ ಕೂರಿಸುತ್ತಿದ್ದ ಇದೇ ಕೈ.
ಕೆಳಗಿನ ಟೈಲರ್ ಮೊಯ್ದುವಿನ ಮಗಳು ಸಫೂರಾ
ಶಾಲೆ ಬಿಟ್ಟವಳೇ ಬಂದು, ಚೀಲ ಎಸೆದು,
ಮೂರು ಕೂದಲಿನ ಕುಂಚ ಕೇಳಿದಳು.
ನಾಲಗೆ ತುಟಿಯಂಚಿಗೆ ಬಂತು.
ಬಿಳಿ ಅಂಕಿಗಳು ಒಂದೊಂದಾಗಿ
ಕೆಂಗಂದು ಹಲಗೆಯ ಮೇಲೆ ಕೂತವು.

ಕೊನೇದು?
ಗೊತ್ತಿಲ್ಲ.
ಗೊತ್ತಿಲ್ಲ ಅಂದ್ರೆ? ಬರೆದಿದ್ದು ನಿಮ್ಮಪ್ಪ ಅಲ್ವಾ?

ಕಿಟಕಿಗೆ ಹೋಗಿ ನಿಂತೆ.
ಕೆಳಗೆ ವಿರಾಜಪೇಟೆಯ ಬಸ್ಸು
ಹಿಂದೆ ಸರಿಯುತ್ತಿತ್ತು, ರೈಟ್, ರೈಟ್,
ಯಾರದೋ ಬಾಳೆಗೊನೆಗೆ ತಾಗುವಷ್ಟರಲ್ಲಿ ನಿಂತಿತು.
ಹಿಂತಿರುಗಿ ನೋಡಿದರೆ ಹುಡುಗಿ
ವ್ಯಾಗನ್ನನ್ನು ಬೆರಳುಗಳ ನಡುವೆ ತಿರುಗಿಸುತ್ತಿದ್ದಾಳೆ.
ಮಾಮ, ಇದಕ್ಕೆ ಎರಡು ಮಗ್ಗುಲಿದೆಯಲ್ಲ.

ಈಗ ಕಿಟಕಿಯ ಕಡೆಯಿಂದ ನೋಡಿದರೆ ಮೂರು.
ನನ್ನ ಕುರ್ಚಿಯಿಂದ ಎಂಟು.
ಬಲ್ಬು ಉರಿಯುತ್ತಿದೆ.
ಮುಟ್ಟಬೇಡಿ, ಹಸಿ ಇದೆ ಎಂದು
ಕೊಂಬಿಲ್ಲದ ಅಕ್ಷರದಲ್ಲಿ
ಚೀಟಿ ಇಟ್ಟು ಹೋಗಿದ್ದಾಳೆ, ನನಗೇ.